ಒಂದೇ ನಂಬರಿನ ಎರಡು ಹಡಗು

ಕೊರೊನಾ ಬಂದು ಜಪಾನಿನ ಕೋಬೆಯ ನಮ್ಮ ಪುಟ್ಟ ಮನೆಯೇ ಆಫೀಸಾದಾಗ ನನಗೆ ಮೈನ್‌ಸ್ವೀಪರ್ ಹುಚ್ಚು ಹಿಡಿಯಿತು. ಯುದ್ಧದ ಕಾಲದಲ್ಲಿ ಸಮುದ್ರದಲ್ಲಿ ಹುದುಗಿಸಿಟ್ಟ ಬಾಂಬುಗಳನ್ನು ಬಾಚಿ ತೆಗೆಯುತ್ತಿದ್ದ ಹಡಗುಗಳವು. ಯಾರೂ ಕಲಿಸಲಿಲ್ಲ, ಹಡಗುಗಳ ಹಳೆಯ ಪಟ್ಟಿಗಳನ್ನು ಫೋನಿನಲ್ಲೇ ಅನುವಾದಿಸಿಕೊಂಡು ಓದಿದೆ.

"ಲೋ ಅಡ್ಮಿರಲ್, ಮೀಟಿಂಗ್ ಶುರುವಾಯ್ತು, ದಡಕ್ಕೆ ಬಾರೋ," ಎಂದು ಮೈಸೂರಿನ ರೂಮ್‌ಮೇಟ್ ಆಡಿಕೊಳ್ಳುತ್ತಿದ್ದ.

ಕೆಳಗಿನ ಮನೆಯಲ್ಲಿ ಓನರ್ ಅಜ್ಜಿ. ಅವರ ಅಣ್ಣ ಅಂಥದೇ ಹಡಗಿನಲ್ಲಿ ಹೋದವನು ತಿರುಗಿ ಬಂದಿರಲಿಲ್ಲ. ಎಲ್ಲಿ ಮುಳುಗಿತೆಂದು ಯಾರೂ ತಿಳಿಸಿರಲಿಲ್ಲ. ಇಲ್ಲೇ ಎಲ್ಲೋ ಇದ್ದಾನೆಂದು ನಂಬಿ ಅವರಮ್ಮ ಪ್ರತಿ ವರ್ಷ ಬಂದರಿನ ನೀರಿಗೆ ಹೂ ಬಿಡುತ್ತಿದ್ದರು. ಅಮ್ಮನ ನಂತರ ಅಜ್ಜಿ. ಅವರು ಹಡಗಿನ ನಂಬರು ಹೇಳಿದ್ದೇ ತಡ, ಒಂದೇ ಸಂಜೆಯಲ್ಲಿ ಹುಡುಕಿ, ಮ್ಯಾಪ್ ಪ್ರಿಂಟ್ ಹಾಕಿ, ದೂರದ ದಕ್ಷಿಣ ಸಮುದ್ರದಲ್ಲಿ ಮುಳುಗಿತೆಂದು ತೋರಿಸಿ ಬಂದೆ. "ಅಷ್ಟು ದೂರಾನಾ," ಎಂದರು. ಮುಂದಿನ ವಾರವೇ ಹೂ ಬಿಡುವ ದಿನವಿತ್ತು; ಅಜ್ಜಿ ಬಂದರಿಗೆ ಹೋಗಲಿಲ್ಲ.

ಎರಡು ವಾರದ ಮೇಲೆ ಗೊತ್ತಾಯಿತು: ಆ ನಂಬರಿನ ಹಡಗು ಎರಡಿದ್ದವು. ಒಂದು ನೌಕಾಪಡೆಯೇ ಕಟ್ಟಿಸಿದ್ದು, ಇನ್ನೊಂದು ಮೀನುಗಾರರಿಂದ ತೆಗೆದುಕೊಂಡಿದ್ದು. ಎರಡನೆಯದು ಮುಳುಗಿದ್ದು ಕೋಬೆ ಬಂದರಿನ ಬಾಗಿಲಲ್ಲೇ. ಅಣ್ಣನ ಬಟ್ಟೆಯೆಲ್ಲ ಮೀನು ನಾರುತ್ತಿತ್ತೆಂದು ಅಜ್ಜಿ ನಂಬರು ಕೊಟ್ಟಾಗಲೇ ಹೇಳಿದ್ದರು. ನಾನು ಹ್ಞೂಂಗುಟ್ಟಿದ್ದೆ, ಅಷ್ಟೇ.

ಮೂರು ದಿನ ಕೂತಲ್ಲಿ ಕೂರಲಾಗಲಿಲ್ಲ. ಕ್ಯಾಮೆರಾ ಆಫ್ ಮಾಡಿ ಮೀಟಿಂಗಿನ ನಡುವೆಯೇ ಶತಪಥ ಹಾಕಿದೆ.

"ಕೂತ್ಕೊಳೋ, ನೆಲ ಸವೆದ್ರೆ ಅಜ್ಜಿ ನಮ್ಮನ್ನೇ ಓಡಿಸ್ತಾರೆ."

"ಹೆಂಗೋ ಹೇಳ್ಲಿ? ಸಾರಿ ಅಜ್ಜಿ, ಅದು ಬೇರೆ ಹಡಗು ಅಂತಾನಾ?"

"ಹ್ಞೂ, ಹಂಗೇ ಹೇಳು. ಮಾಸ್ಕ್ ಇರತ್ತಲ್ಲ, ಅರ್ಧ ಮುಖ ಆದ್ರೂ ಉಳಿಯತ್ತೆ."

ಎರಡೂ ಹಡಗಿನ ಪಟ್ಟಿಗಳನ್ನು ಪ್ರಿಂಟ್ ಹಾಕಿಕೊಂಡು ಇಳಿದು ಹೋದೆ. ಬಾಗಿಲಲ್ಲೇ ಬಗ್ಗಿ "ಸುಮಿಮಾಸೆನ್" ಎಂದು ಕ್ಷಮೆ ಕೇಳಿ, ಹರಕು ಜಪಾನೀಸಿನಲ್ಲಿ ಎಲ್ಲ ಹೇಳಿಬಿಟ್ಟೆ. ಅಜ್ಜಿ ಎರಡೂ ಪಟ್ಟಿಗಳ ಮೇಲೆ ಬೆರಳಾಡಿಸಿದರು.

"ಈ ಸಲ ಖಂಡಿತಾನಾ?"

ನಾಲಿಗೆ ತುದಿಗೆ ಬಂದ ಹೌದನ್ನು ನುಂಗಿಕೊಂಡೆ. "ಪಟ್ಟಿಲಿ ಹೀಗಿದೆ. ಮೂಲ ದಾಖಲೆ ಇರೋ ಆಫೀಸು ಮುಚ್ಚಿದೆ. ತೆಗೆದ ಮೇಲೆ ನೋಡ್ಬೇಕು."

"ಹಾಗಾದ್ರೆ ಅಲ್ಲೀವರೆಗೆ ಅಮ್ಮ ಹೇಳಿದ್ದೇ ಸರಿ. ಸ್ಟೇಷನ್ ಹತ್ರ ಹೂವಿನಂಗಡಿ ತೆಗೆದಿದೆಯಾ, ನೋಡ್ಕೊಂಡು ಬಾ."

ಓಡಿದೆ. ಹೂವಿನಂಗಡಿ ಮುಚ್ಚಿತ್ತು. ಸೂಪರ್‌ಮಾರ್ಕೆಟ್ಟಿನ ಬಕೆಟ್ಟಿನಲ್ಲಿ ಸೇವಂತಿಗೆಯ ಒಂದು ಕಟ್ಟು ಉಳಿದಿತ್ತು. ಹಿಡಿದು ಬರುವಷ್ಟರಲ್ಲಿ ಅಜ್ಜಿ ಕೋಟು ತೊಟ್ಟು ಗೇಟಿನ ಹೊರಗೆ ನಿಂತಿದ್ದರು.