ವಿಭೂತಿ ಹಚ್ಚಿಕೊಂಡ ರಿಟ್ರೀವರ್

ಗೆಳೆಯರೇ, ಇವತ್ತು ಬೆಳಿಗ್ಗೆ ಭೀಮನಬೀಡಿನ ನಮ್ಮ ಲಿಂಗಾಯತರ ಮನೆಯೊಳಕ್ಕೆ ಒಂದು ಕೋಳಿ ಬಂತು. ನಮ್ಮ ಗೋಲ್ಡನ್ ರಿಟ್ರೀವರ್ ರಾಜ ಅದನ್ನು ಬಾಯಲ್ಲಿ ಹಿಡಿದು ತಂದು, ಪೂಜೆಗೆ ಕುಳಿತಿದ್ದ ಅವ್ವನ ಮುಂದಿಟ್ಟು, ಬಾಲ ಆಡಿಸುತ್ತ ನಿಂತ.

"ಶಿವಶಿವಾ!" ಎಂದು ಅವ್ವ ಎದ್ದಳು. ಹಿಂದೆಯೇ ಪಕ್ಕದ ಮನೆಯ ಚಿಕ್ಕತಾಯಮ್ಮ ಪೊರಕೆ ಹಿಡಿದು ನುಗ್ಗಿದಳು. "ನನ್ ಕೋಳಿ ಸಾಯಿಸ್ಬುಡ್ತಲ್ಲಪ್ಪೋ ನಿಮ್ ನಾಯಿ!"

ಕೋಳಿ ಎದ್ದು, ಮೈ ಕೊಡವಿಕೊಂಡು, ನೈವೇದ್ಯದ ಬಾಳೆಹಣ್ಣು ಕುಕ್ಕತೊಡಗಿತು. ಒಂದು ಪುಕ್ಕವೂ ಉದುರಿರಲಿಲ್ಲ.

ಸಿಕ್ಕಿದ್ದೇ ಅವಕಾಶವೆಂದು ನಾನು ಶುರು ಮಾಡಿದೆ. "ಇದು ಸ್ಕಾಟ್ಲೆಂಡಿನ ದೊರೆಗಳು ಬೆಳೆಸಿದ ಜಾತಿ ಕಣಕ್ಕ. ಅವ್ರು ಗುಂಡಲ್ಲಿ ಹೊಡೆದ ಬಾತುಕೋಳಿನ ಹಲ್ಲು ತಾಗಿಸ್ದೆ ತಂದ್ಕೊಡೋದೇ ಇದ್ರ ಕೆಲ್ಸ. ಈ ಹೊಂಬಣ್ಣದ ಕೂದ್ಲು ಇರೋದೂ ನೀರಿಗಿಳಿದ್ರೆ ಚಳಿ ಆಗ್ದಿರ್ಲಿ ಅಂತ. ಬಲು ಸಾಧು."

"ಸುಮ್ನಿರ್ಲಾ," ಎಂದಳು ಅವ್ವ. "ದಿನಾ ಅದರ ಅಣೆಗೆ ವಿಭೂತಿ ಅಚ್ತೀನಿ. ಎಂಗ್ ಕಚ್ಚದು?"

ಚಿಕ್ಕತಾಯಮ್ಮ ಪೊರಕೆ ಕೆಳಗಿಟ್ಟಳು. "ಅಂಗಾದ್ರೆ ನಮ್ ಬೆಕ್ಕಿಗೂ ಒಸಿ ಅಚ್ಬುಡವ್ವ. ಕೋಳಿಮರಿ ಒಂದೂ ಉಳಿಸ್ತಿಲ್ಲ."

ಸ್ಕಾಟ್ಲೆಂಡಿನವರು ತಲೆಮಾರುಗಟ್ಟಲೆ ಪಟ್ಟ ಶ್ರಮದ ಹೆಸರೆಲ್ಲ ಅವ್ವನ ಮೂರು ಬೆರಳಿಗೆ ಹೋಯಿತು. ಬೆಕ್ಕು ಸದ್ಯಕ್ಕೆ ಅಟ್ಟದ ಮೇಲಿದೆ. ಅವ್ವ ಏಣಿ ಕೇಳುತ್ತಿದ್ದಾಳೆ.