ಪಿಸುಮಾತಿನ ಪರೀಕ್ಷೆ

ಐವತ್ತರ ದಶಕದಲ್ಲಿ ತುಮಕೂರಿನಿಂದ ಮುಂಬಯಿಗೆ ಬಂದ ತಿಂಗಳಲ್ಲೇ ವಿಕ್ರೋಳಿಯ ಕಾರ್ಖಾನೆಯೊಂದರಲ್ಲಿ ನನಗೆ ಕೆಲಸ ಸಿಗುವುದರಲ್ಲಿತ್ತು. ಕಿವಿಯ ಪರೀಕ್ಷೆಯೊಂದು ಬಾಕಿಯಿತ್ತು. ಯಂತ್ರಗಳ ನಡುವೆ ಕಿವುಡರನ್ನು ಅವರು ತೆಗೆದುಕೊಳ್ಳುತ್ತಿರಲಿಲ್ಲ.

ಸಯನ್ನಿನ ದವಾಖಾನೆಯಲ್ಲಿ ಡಾಕ್ಟರು ನನ್ನನ್ನು ಗೋಡೆಗೆ ಮುಖಮಾಡಿ ನಿಲ್ಲಿಸಿ, ಮರಾಠಿಯಲ್ಲಿ ಏನೋ ಹೇಳಿ, ಬೆನ್ನ ಹಿಂದೆ ಹೋದರು. ಅವರು ಪಿಸುಗುಟ್ಟಿದ ಸಂಖ್ಯೆಯನ್ನು ನಾನು ತಿರುಗಿ ಹೇಳಬೇಕಿತ್ತು. ಹಾಗೆ ಹೇಳಬೇಕೆಂದು ನನಗೆ ತಿಳಿಯಲಿಲ್ಲ. ಎರಡು ಸಲ ಸುಮ್ಮನಿದ್ದೆ. ಮೂರನೆಯದು ಸ್ಪಷ್ಟವಾಗಿ ಕೇಳಿತು: "ಸತ್ತರ."

ಊರಲ್ಲಿ ಅಪ್ಪ ಹಾಸಿಗೆ ಹಿಡಿದಿದ್ದರು. "ಯಾರು ಸತ್ತರು?" ಎಂದು ಕೂಗಿಬಿಟ್ಟೆ. ಡಾಕ್ಟರು ತಲೆಯಾಡಿಸಿ ಕಾಗದದ ಮೇಲೆ ಬರೆಯತೊಡಗಿದರು.

ನೆಲ ಒರೆಸುತ್ತಿದ್ದ ವಿಜಾಪುರದ ಆಯಾ ನಕ್ಕೇಬಿಟ್ಟಳು. "ಏ ತಮ್ಮಾ, ಯಾರೂ ಸತ್ತಿಲ್ಲೋ! ಸತ್ತರ ಅಂದ್ರ ಎಪ್ಪತ್ತು. ನಿನ್ನ ಕಿವಿ ಚೊಲೋ ಅದಾವು, ಮರಾಠಿ ಬರಂಗಿಲ್ಲ ಅಷ್ಟ." ಅದನ್ನೇ ಡಾಕ್ಟರಿಗೆ ಮರಾಠಿಯಲ್ಲಿ ತಿಳಿಸಿದಳು.

ಡಾಕ್ಟರು ಪೆನ್ನು ಕೆಳಗಿಟ್ಟರು. ಅವರು ಹೇಳಿದ್ದನ್ನು ಆಕೆಯೇ ನನಗೆ ವಿವರಿಸಿದಳು. ಕಿವಿಯ ತಮಟೆ ಅದುರುತ್ತದೆ, ಒಳಗಿನ ಮೂರು ಪುಟ್ಟ ಎಲುಬುಗಳು ಆ ಅದುರನ್ನು ದಾಟಿಸುತ್ತವೆ, ನರ ಅದನ್ನು ತಲೆಗೆ ಒಯ್ಯುತ್ತದೆ. ಅದನ್ನು ಮಾತಾಗಿ ಮಾಡಿಕೊಳ್ಳುವುದು ಮಾತ್ರ ತಲೆ, ತನಗೆ ಗೊತ್ತಿರುವ ಭಾಷೆಯಲ್ಲಿ.

ಮತ್ತೆ ಗೋಡೆಗೆ ಮುಖಮಾಡಿದೆ. ಈ ಸಲ ಆಕೆಯೇ ದೂರ ನಿಂತು ಕನ್ನಡದಲ್ಲಿ ಪಿಸುಗುಟ್ಟಿದಳು. ಆರು ಸಂಖ್ಯೆಗಳನ್ನೂ ತಪ್ಪದೆ ಹೇಳಿದೆ. ಕಾಗದಕ್ಕೆ ಸಹಿ ಬಿತ್ತು.

ಆ ಕೆಲಸ ನನಗೆ ಆಕೆ ಕೊಟ್ಟದ್ದೆಂದೇ ಇಂದಿಗೂ ತಿಳಿದಿದ್ದೇನೆ. ಅಂದು ಕೈಮುಗಿದಾಗ ಆಕೆ, "ಕೈ ಮುಗಿಬ್ಯಾಡೋ, ಮೊದಲ ಮರಾಠಿ ಎಣಿಕಿ ಕಲಿ" ಎಂದು ಒರೆಸುವ ಬಟ್ಟೆ ಹಿಂಡಿದಳು.