ಟಾಂಕಿಗೆ ಮರಳುವ ಎಣ್ಣೆ

ಯುದ್ಧದ ಕಾಲ. ನನ್ನ ಮದುವೆಯ ಹಿಂದಿನ ದಿನ, ಕುಲಶೇಖರದ ನಮ್ಮ ಅಕ್ಕಿ ಮಿಲ್ಲಿನ ಡೀಸೆಲ್ ಇಂಜಿನು ಬೆಳಿಗ್ಗೆಯೇ ನಿಂತುಬಿಟ್ಟಿತು. ಊಟದ ಅಕ್ಕಿಯೆಲ್ಲ ಇನ್ನೂ ಭತ್ತವಾಗಿಯೇ ಇತ್ತು. ಅಪ್ಪ ಅಂಗಳದಲ್ಲಿ ಕೂಗಾಡುತ್ತಿದ್ದರು.

ಇಂಜಿನು ನೋಡಿಕೊಳ್ಳುತ್ತಿದ್ದ ಕ್ರಿಸ್ತಿಯನ್ ಮೇಸ್ತ್ರಿ, ನಾವೆಲ್ಲ ಪೊರ್ಬುಗಳು ಎಂದು ಕರೆಯುತ್ತಿದ್ದವರು, ಒಂದು ಸಣ್ಣ ಕೊಳವೆಯ ಬಾಯಿಂದ ತೆಂಗಿನ ನಾರಿನ ಬಿರಡೆ ಎಳೆದು ತೆಗೆದರು. ನಮ್ಮ ಅಡುಗೆಮನೆಯ ಎಣ್ಣೆ ಕುಪ್ಪಿಗೆ ಹಾಕುವಂಥದ್ದೇ. ಪಕ್ಕದಲ್ಲೇ ನಿಂತಿದ್ದ ಅಮ್ಮನ ಮುಖ ಸಣ್ಣದಾಯಿತು.

"ತೊಟ್ಟು ತೊಟ್ಟು ಬೀಳ್ತಿತ್ತು ಪೊರ್ಬುಗಳೇ. ಡೀಸೆಲ್ ಎಣ್ಣೆ ಸಿಗದ ಕಾಲದಲ್ಲಿ ಹಾಳಾಗ್ತದಲ್ಲ ಅಂತ ನಾನೇ ಇಟ್ಟೆ."

"ಹಾಳಾಗುವುದಲ್ಲ ಅಮ್ಮಾ, ಕೆಳಗಿನ ಆಲಿಕೆಗೆ ಬಿದ್ದು ಟಾಂಕಿಗೇ ವಾಪಸ್ ಹೋಗುವುದು. ಎಣ್ಣೆ ಚಿಮ್ಮಿಸುವ ಸೂಜಿಯ ಸಂದಿಯಲ್ಲಿ ಜಿನುಗಿದ್ದಕ್ಕೆ ಇದೊಂದೇ ದಾರಿ. ಕಟ್ಟಿದ್ರೆ ಒಳಗೆ ಒತ್ತಡ ಏರಿ ಸೂಜಿ ಮೇಲೇಳುವುದಿಲ್ಲ. ಇದೆಂತ ಉಪ್ಪಿನಕಾಯಿ ಭರಣಿಯಾ, ಬಾಯಿ ಕಟ್ಟಿಡ್ಲಿಕ್ಕೆ?"

ಅಮ್ಮನಿಗೆ ನಗು ಬಂತು. ಅಷ್ಟರಲ್ಲಿ ಅಪ್ಪ ಒಳಗೆ ಬಂದರು. "ಎಂತ ಆಗಿತ್ತು?"

"ಕೊಳವೆಯಲ್ಲಿ ಕಸ ಕಟ್ಟಿತ್ತು ಧಣಿಗಳೇ, ಈಗ ಸಮ ಆಯ್ತು" ಎಂದವರೇ ಪೊರ್ಬುಗಳು ಇಂಜಿನು ತಿರುಗಿಸಿದರು.

ಸಂಜೆಯೊಳಗೆ ಅಕ್ಕಿ ಮನೆಗೆ ಬಂತು. ಮರುದಿನ ಎಲೆಗಳಿಗೆ ಅನ್ನ ಬಡಿಸುವಾಗ ಅಮ್ಮನ ಮುಖದಲ್ಲಿ ಒಂದಿಷ್ಟೂ ಅಳುಕಿರಲಿಲ್ಲ. ಮದುವೆ ಮನೆಯಲ್ಲಿ ಅಮ್ಮನನ್ನು ಅಪ್ಪನ ಬೈಗುಳದಿಂದ ಉಳಿಸಿದ ಆ ಮನುಷ್ಯನಿಗೆ ನಾನು ಇಂದಿಗೂ ಮನಸ್ಸಿನಲ್ಲೇ ಕೈಮುಗಿಯುತ್ತೇನೆ.